ಮಿಲ್-ಡಾಟ್‌ನಲ್ಲಿ ಅಳೆದ ದೂರವೂ ತಪ್ಪಿತು, ಗುಂಡು ಅದಕ್ಕಿಂತ ಮೇಲೆ ಹೋಯಿತು. ಎಲ್ಲಿ ಎಡವಿದೆ?

ಸಾಲುಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು .22 ಬೋಲ್ಟ್ ಆ್ಯಕ್ಷನ್ ರೈಫಲ್. ಮೇಲೆ 4ರಿಂದ 16 ಪಟ್ಟು ಜೂಮ್ ಇರುವ ಸ್ಕೋಪ್, ಒಳಗೆ ಮಿಲ್-ಡಾಟ್ ರೆಟಿಕಲ್, ಅಂದರೆ ಕೂಡುಗೆರೆಯ ಮೇಲೆ 1 ಮಿಲ್‌ಗೊಂದರಂತೆ ಚುಕ್ಕೆ ಇಟ್ಟ ಗುರಿಗೆರೆ. ಎರಡು ವರ್ಷದಿಂದ 50 ಮೀಟರ್ ಕಾಗದದ ಗುರಿಗೆ ಮಾತ್ರ ಹೊಡೆಯುತ್ತಿದ್ದೆ. ಅಲ್ಲಿ ನಡುವಿನ ಕೂಡುಗೆರೆ ಸಾಕು. ಕೆಳಗಿನ ಚುಕ್ಕೆಗಳ ಗೋಜಿಗೇ ಹೋಗಿರಲಿಲ್ಲ.

ಕಳೆದ ವಾರ ಮೊದಲ ಸಲ ಉಕ್ಕಿನ ತಟ್ಟೆಗಳ ಸ್ಪರ್ಧೆಯಲ್ಲಿ ಭಾಗವಹಿಸಿದೆ. ತಟ್ಟೆಯ ಅಗಲ ಹೇಳುತ್ತಾರೆ, ದೂರ ಹೇಳುವುದಿಲ್ಲ. ಲೇಸರ್ ಬಳಸುವಂತಿಲ್ಲ. ಟರೆಟ್ (ಗುರಿ ಮೇಲೆ ಕೆಳಗೆ ಸರಿಸುವ ಸ್ಕೋಪ್‌ನ ತಿರುಗುಣಿ) ತಿರುಗಿಸುವಂತೆಯೂ ಇಲ್ಲ. ದೂರವನ್ನು ರೆಟಿಕಲ್‌ನಲ್ಲೇ ಅಳೆಯಬೇಕು, ಚುಕ್ಕೆಯಿಂದಲೇ ಎತ್ತಿ ಹಿಡಿದು ಹೊಡೆಯಬೇಕು.

ತಟ್ಟೆಯ ಅಗಲ 20 ಸೆಂ.ಮೀ. 16 ಪಟ್ಟಿನಲ್ಲಿ ಚಿತ್ರ ತುಂಬ ಅಲುಗಾಡುತ್ತಿತ್ತು, ಹಾಗಾಗಿ 12ಕ್ಕೆ ಇಳಿಸಿಕೊಂಡೆ. ತಟ್ಟೆ ಸರಿಯಾಗಿ ಒಂದೂವರೆ ಮಿಲ್ ಕಂಡಿತು. ಸೆಂ.ಮೀ. ಅಳತೆಯನ್ನು 10ರಿಂದ ಗುಣಿಸಿ ಮಿಲ್‌ನಿಂದ ಭಾಗಿಸು ಅಂತ ಓದಿದ್ದೆ. 200 ಭಾಗಿಸು 1.5. ಅಂದರೆ 133 ಮೀಟರ್. ನಾನು 50 ಮೀಟರ್‌ಗೆ ಜೀರೋ ಮಾಡಿರುವುದು, ಅಂದರೆ ಆ ದೂರದಲ್ಲಿ ಗುಂಡು ಕೂಡುಗೆರೆಯ ನಡುವಿಗೇ ಬೀಳುತ್ತದೆ. ಯಾವ ದೂರಕ್ಕೆ ಎಷ್ಟು ಎತ್ತಬೇಕು ಅಂತ ಬರೆದಿಟ್ಟ ನನ್ನ ಪಟ್ಟಿ ಪ್ರಕಾರ 133ಕ್ಕೆ 4 ಮಿಲ್ ಎತ್ತಬೇಕು. ನಾಲ್ಕನೇ ಚುಕ್ಕೆಯನ್ನು ತಟ್ಟೆಯ ಮಧ್ಯಕ್ಕೆ ಇಟ್ಟು ಹೊಡೆದೆ. ಸದ್ದೇ ಇಲ್ಲ. ಐದು ಗುಂಡೂ ಹಾಗೇ. ಪಕ್ಕದಲ್ಲಿ ದುರ್ಬೀನು ಹಿಡಿದು ನೋಡುತ್ತಿದ್ದವರು, ಹಿಂದಿನ ಮಣ್ಣಿನ ದಿಬ್ಬದಲ್ಲಿ ಧೂಳು ಏಳುತ್ತಿದೆ, ತಟ್ಟೆಯ ಮೇಲಂಚಿಗಿಂತ ಇನ್ನೊಂದು ತಟ್ಟೆಯಷ್ಟು ಮೇಲೆ ಅಂದರು. ಐದೂ ಒಂದೇ ಜಾಗದಲ್ಲಿ.

ಆಮೇಲೆ ಗೊತ್ತಾಯಿತು, ಆ ತಟ್ಟೆ ಇದ್ದದ್ದು 100 ಮೀಟರ್‌ನಲ್ಲಿ.

ನನ್ನ ತಲೆ ತಿನ್ನುತ್ತಿರುವುದು ಇದು. 100 ಮೀಟರ್‌ಗೆ ನನ್ನ ಪಟ್ಟಿಯಲ್ಲಿ 2.25 ಮಿಲ್ ಇದೆ. ನಾನು 4 ಹಿಡಿದೆ. 1.75 ಮಿಲ್ ಜಾಸ್ತಿ. 100 ಮೀಟರ್‌ನಲ್ಲಿ ಅದು 17.5 ಸೆಂ.ಮೀ. ಆದರೆ ಗುಂಡು ಮಧ್ಯದಿಂದ 30 ಸೆಂ.ಮೀ. ಮೇಲೆ ಹೋಗಿದೆ. ದೂರ ತಪ್ಪಿದ್ದು ಒಂದು ಕಡೆ ಇರಲಿ, ಉಳಿದ 12–13 ಸೆಂ.ಮೀ. ಎಲ್ಲಿಂದ ಬಂತು? ಸ್ಕೋಪ್ ಕೆಟ್ಟಿದೆಯಾ? ದಯವಿಟ್ಟು ಬಿಡಿಸಿ ಹೇಳಿ.

ಒರಗುಚೀಲ:

ಒಂದೇ ಪ್ರಶ್ನೆ. ಜೂಮ್ ತಿರುಗಿಸುವಾಗ ರೆಟಿಕಲ್‌ನ ಚುಕ್ಕೆಗಳೂ ಚಿತ್ರದ ಜೊತೆ ದೊಡ್ಡದಾಗುತ್ತವಾ, ಇಲ್ಲ ಇದ್ದಷ್ಟೇ ಇರುತ್ತವಾ?

ಸಾಲುಗೆರೆ:

ಇದ್ದಷ್ಟೇ ಇರುತ್ತವೆ. ತಟ್ಟೆ ಮಾತ್ರ ದೊಡ್ಡದು ಚಿಕ್ಕದು ಆಗುತ್ತದೆ.

ನಿಧಾನ ಉಸಿರು:

ಹಾಗಾದರೆ ನಿಮ್ಮ ಸ್ಕೋಪ್ ಕೆಟ್ಟಿಲ್ಲ. ನಿಮ್ಮ ಕೈಯೂ ಚೆನ್ನಾಗಿದೆ, ಐದು ಗುಂಡು ಒಂದೇ ಜಾಗಕ್ಕೆ ಹೋಗಿವೆ. ಲೆಕ್ಕವೂ ಸರಿ ಇದೆ. ನೀವು ಅಳೆದ ಅಳತೆಗೋಲು ಮಾತ್ರ ಬೇರೆ. ನಾನು ಈ ಆಟದಲ್ಲಿ ಹೊಸಬರ ಪಕ್ಕ ಕೂತು ದುರ್ಬೀನು ಹಿಡಿದ ಎಷ್ಟೋ ದಿನಗಳಿವೆ. ನಾನು ಕಂಡ ತಪ್ಪುಗಳಲ್ಲಿ ಇದರಷ್ಟು ಹೆಚ್ಚು ಸಲ ಕಂಡದ್ದು ಇನ್ನೊಂದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ರೆಟಿಕಲ್ ಅಳೆಯುವುದು ಕೋನವನ್ನು, ಸೆಂ.ಮೀ.ಯನ್ನಲ್ಲ. ಮಿಲ್ ಅಂದರೆ ದೂರದ ಸಾವಿರದಲ್ಲಿ ಒಂದು ಪಾಲು. 100 ಮೀಟರ್‌ನಲ್ಲಿ 1 ಮಿಲ್ ಅಂದರೆ 10 ಸೆಂ.ಮೀ., 50 ಮೀಟರ್‌ನಲ್ಲಿ 5 ಸೆಂ.ಮೀ., 1000 ಮೀಟರ್‌ನಲ್ಲಿ ಪೂರಾ 1 ಮೀಟರ್. ನೀವು ಹೇಳಿದ ಸೂತ್ರ ಇಲ್ಲಿಂದಲೇ ಬಂದದ್ದು, ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಈಗ ನಿಮ್ಮ ಸ್ಕೋಪ್‌ಗೆ ಬರೋಣ. ಜೂಮ್ ಮಾಡಿದಾಗ ರೆಟಿಕಲ್ ಬದಲಾಗದಿದ್ದರೆ ಅದು ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪ್. ಅದರಲ್ಲಿ ಚುಕ್ಕೆಯಿಂದ ಚುಕ್ಕೆಗೆ 1 ಮಿಲ್ ಅನ್ನುವುದು ಒಂದೇ ಒಂದು ಜೂಮ್‌ನಲ್ಲಿ ನಿಜ. ಸಾಮಾನ್ಯವಾಗಿ ಅತಿ ಹೆಚ್ಚಿನ ಜೂಮ್‌ನಲ್ಲಿ. ಕೆಲವು ಸ್ಕೋಪ್‌ಗಳಲ್ಲಿ 10 ಪಟ್ಟಿನಲ್ಲಿ ನಿಜವಾಗುವಂತೆ ಮಾಡಿರುತ್ತಾರೆ, ಅದು ಕೈಪಿಡಿಯಲ್ಲಿ ಇರುತ್ತದೆ. ನಿಮ್ಮದು 16ರಲ್ಲಿ ನಿಜ ಅಂತ ಇಟ್ಟುಕೊಳ್ಳೋಣ. 12ಕ್ಕೆ ಇಳಿಸಿದಾಗ ತಟ್ಟೆ ಚಿಕ್ಕದಾಯಿತು, ಚುಕ್ಕೆಗಳ ಅಂತರ ಹಾಗೇ ಉಳಿಯಿತು. ಅಂದರೆ ಒಂದು ಅಂತರ ಈಗ 1 ಮಿಲ್ ಅಲ್ಲ. 16 ಭಾಗಿಸು 12, ಅಂದರೆ 1.33 ಮಿಲ್.

ನೀವು ಒಂದೂವರೆ ಅಂತರ ಕಂಡಿರಿ. 1.5 ಗುಣಿಸು 1.33, ನಿಜವಾಗಿ 2 ಮಿಲ್. 200 ಭಾಗಿಸು 2, ಸರಿಯಾಗಿ 100 ಮೀಟರ್. ನೀವು ಎಷ್ಟು ಚೊಕ್ಕವಾಗಿ ಅಳೆದಿದ್ದೀರಿ ನೋಡಿ.

ಇನ್ನು ಉಳಿದ 12–13 ಸೆಂ.ಮೀ. ಅದೇ ಅಳತೆಗೋಲಿನಲ್ಲೇ ತಾನೇ ನೀವು ಎತ್ತಿ ಹಿಡಿದದ್ದು? ನಾಲ್ಕನೇ ಚುಕ್ಕೆ ಅಂದುಕೊಂಡಿರಿ, ಅದು ನಿಜವಾಗಿ 5.33 ಮಿಲ್. ಬೇಕಿದ್ದದ್ದು 2.25. ಜಾಸ್ತಿಯಾದದ್ದು 3 ಮಿಲ್ ಚಿಲ್ಲರೆ, ಅಂದರೆ 31 ಸೆಂ.ಮೀ. ನಿಮ್ಮ ಪಕ್ಕದವರು ಧೂಳು ಕಂಡ ಜಾಗ ಅದೇ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಜೂಮ್ ಇಳಿಸಿದಾಗ ಆಗುವ ಈ ಎರಡು ತಪ್ಪುಗಳು ಒಂದನ್ನೊಂದು ಕಳೆಯುವುದಿಲ್ಲ, ಒಂದರ ಮೇಲೊಂದು ಕೂಡುತ್ತವೆ. ದೂರ ಜಾಸ್ತಿ ಬರುತ್ತದೆ, ಎತ್ತಿದ್ದೂ ಜಾಸ್ತಿಯಾಗುತ್ತದೆ. ಗುಂಡು ಯಾವಾಗಲೂ ಮೇಲಕ್ಕೇ ಹೋಗುತ್ತದೆ. ನೀವು 8 ಪಟ್ಟಿನಲ್ಲಿ ಅಳೆದಿದ್ದರೆ 200 ಮೀಟರ್ ಅಂದುಕೊಳ್ಳುತ್ತಿದ್ದಿರಿ, ಅದಕ್ಕೆ ತಕ್ಕಂತೆ ಎತ್ತಿದ ಗುಂಡು ದಿಬ್ಬದ ತಲೆಯನ್ನೇ ದಾಟಿ ಹೋಗಬಹುದಿತ್ತು. ಹಿಂದೆ ಏನಿದೆ, ದಿಬ್ಬ ಎಷ್ಟು ಎತ್ತರ ಅಂತ ನೋಡಿಕೊಳ್ಳದೆ ಲೆಕ್ಕ ನಂಬಿ ಎತ್ತಬೇಡಿ. ಮೊದಲ ಗುಂಡಿಗೆ ಧೂಳು ಎಲ್ಲಿ ಎದ್ದಿತು ಅಂತ ಕಾಣದಿದ್ದರೆ ಎರಡನೆಯದನ್ನು ಹಾರಿಸಲೇಬೇಡಿ. ಕೇಳಿ, ನೋಡಿ, ಆಮೇಲೆ ಹಾರಿಸಿ.

ಈ ಗೊಂದಲ ಹುಟ್ಟಿದ್ದೇ ಜೂಮ್‌ನಿಂದ. ಮಿಲ್-ಡಾಟ್ ರೆಟಿಕಲ್ 1970ರ ದಶಕದ ಕೊನೆಯಲ್ಲಿ ಅಮೆರಿಕದ ಮೆರೀನ್ ಪಡೆಗಾಗಿ ರೂಪುಗೊಂಡದ್ದು. ಅವರ ಸ್ಕೋಪ್ 10 ಪಟ್ಟಿನದು, ಜೂಮ್ ಇಲ್ಲವೇ ಇಲ್ಲ. ಸೋವಿಯತ್ ಕಾಲದ ಪಿಎಸ್‌ಒ-1 ಸ್ಕೋಪ್‌ನ ಮೂಲೆಯಲ್ಲಿ ದೂರ ಅಳೆಯಲು ಒಂದು ಬಾಗಿದ ಗೆರೆ ಇದೆ, 1.7 ಮೀಟರ್ ಎತ್ತರಕ್ಕೆ ಲೆಕ್ಕ ಹಾಕಿದ್ದು. ಅದೂ 4 ಪಟ್ಟು ಮಾತ್ರ. ಜೂಮ್ ಇಲ್ಲದಿದ್ದರೆ ಅಳತೆಗೋಲು ಹಿಗ್ಗುವ ಕುಗ್ಗುವ ಮಾತೇ ಇಲ್ಲ ಅಲ್ವಾ. ಫಸ್ಟ್ ಫೋಕಲ್ ಪ್ಲೇನ್ ಸ್ಕೋಪ್‌ನಲ್ಲೂ ಈ ತೊಂದರೆ ಇಲ್ಲ. ಅಲ್ಲಿ ರೆಟಿಕಲ್ ಚಿತ್ರದ ಜೊತೆಗೇ ಬೆಳೆಯುತ್ತದೆ, ಯಾವ ಜೂಮ್‌ನಲ್ಲೂ 1 ಮಿಲ್ ಅಂದರೆ 1 ಮಿಲ್. ಆದರೆ ಕಡಿಮೆ ಜೂಮ್‌ನಲ್ಲಿ ಗೆರೆಗಳು ಕೂದಲಿನಂತಾಗಿ ಓದಲು ಕಷ್ಟ. ಹಾಗಂತ ಸ್ಕೋಪ್ ಬದಲಿಸಿ ಅನ್ನುತ್ತಿಲ್ಲ. ಇರುವುದನ್ನು ಅರಿತುಕೊಂಡರೆ ಸಾಕು.

ಮೊದಲು ಇದನ್ನು ಮಾಡಿ. ಒಂದು ಹಲಗೆಗೆ ಬಿಳಿ ಕಾಗದ ಅಂಟಿಸಿ, 10 ಸೆಂ.ಮೀ.ಗೊಂದು ದಪ್ಪ ಗೆರೆ ಎಳೆಯಿರಿ. ಟೇಪಿನಿಂದ ಅಳೆದು 100 ಮೀಟರ್‌ನಲ್ಲಿ ನಿಲ್ಲಿಸಿ. ಹೆಜ್ಜೆ ಲೆಕ್ಕ ಬೇಡ. ಬೋಲ್ಟ್ ಹೊರಗೆ ತೆಗೆದಿಟ್ಟು, ರೈಫಲ್ ಚೀಲದ ಮೇಲೆ ಅಲುಗದಂತೆ ಕೂರಿಸಿ, ನೋಡಿ. ಎಲ್ಲ ಚುಕ್ಕೆಗಳೂ ಗೆರೆಗಳ ಮೇಲೆ ಕೂರುವ ಜೂಮ್ ಯಾವುದೋ ಅದೇ ನಿಮ್ಮ ನಿಜವಾದ ಜೂಮ್. ಉಂಗುರದ ಮೇಲೆ ಬರೆದ ಅಂಕಿಯನ್ನು ಪೂರ್ತಿ ನಂಬಬೇಡಿ, ಸ್ವಲ್ಪ ಆಚೀಚೆ ಇರಬಹುದು. ಸರಿಯಾದ ಜಾಗದಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಡಿ. ಆಮೇಲೆ ಒಂದು ಅಂತರಕ್ಕೆ 20 ಸೆಂ.ಮೀ. ಬರುವವರೆಗೂ ಜೂಮ್ ಇಳಿಸಿ, ಅಲ್ಲೊಂದು ಗುರುತು ಮಾಡಿ. ಅಲ್ಲಿ ಪ್ರತಿ ಅಂತರವೂ 2 ಮಿಲ್. ಈ ಎರಡು ಜಾಗ ಬಿಟ್ಟು ಬೇರೆಲ್ಲೂ ರೆಟಿಕಲ್ ಬಳಸಬೇಡಿ.

ಇನ್ನು ಓದುವ ರೀತಿ. ಚುಕ್ಕೆಗೂ ದಪ್ಪ ಇದೆ, ಹೆಚ್ಚು ಕಡಿಮೆ 0.2 ಮಿಲ್. ಅಂತರ ಎಣಿಸುವುದು ಚುಕ್ಕೆಯ ಮಧ್ಯದಿಂದ ಮುಂದಿನದರ ಮಧ್ಯಕ್ಕೆ. ತಟ್ಟೆಯ ಒಂದು ಅಂಚನ್ನು ಒಂದು ಚುಕ್ಕೆಯ ನಡುವಿಗೆ ಕೂರಿಸಿ, ಇನ್ನೊಂದು ಅಂಚು ಎಲ್ಲಿ ಬಿತ್ತು ಅಂತ ಹತ್ತನೇ ಒಂದು ಪಾಲಿನವರೆಗೆ ಓದಬೇಕು. "ಒಂದೂವರೆ ಇರಬಹುದು" ಅಂದರೆ ಸಾಲದು. ಯಾಕೆ ಅಂತ ಲೆಕ್ಕ ನೋಡಿ. 45 ಸೆಂ.ಮೀ. ತಟ್ಟೆ 300 ಮೀಟರ್‌ನಲ್ಲಿ 1.5 ಮಿಲ್ ಕಾಣುತ್ತದೆ. ಅದನ್ನು 1.4 ಅಂತ ಓದಿದರೆ 321 ಮೀಟರ್, 1.6 ಅಂತ ಓದಿದರೆ 281. ಕೂದಲೆಳೆಯಷ್ಟು ತಪ್ಪಿಗೆ 20 ಮೀಟರ್ ವ್ಯತ್ಯಾಸ. ಅದೇ ತಟ್ಟೆ 600 ಮೀಟರ್‌ನಲ್ಲಿದ್ದರೆ ಬರೀ 0.75 ಮಿಲ್. 0.7 ಅಂತ ಓದಿದರೆ 643, 0.8 ಅಂದರೆ 562.

ಆದ್ದರಿಂದ ಚಿಕ್ಕದನ್ನು ಅಳೆಯಬೇಡಿ, ಹತ್ತಿರದಲ್ಲೇ ಇರುವ ದೊಡ್ಡದನ್ನು ಅಳೆಯಿರಿ. ತಟ್ಟೆ ನೇತುಹಾಕಿದ ಚೌಕಟ್ಟಿನ ಎತ್ತರ 1.5 ಮೀಟರ್ ಅಂತ ಗೊತ್ತಿದ್ದರೆ, 300 ಮೀಟರ್‌ನಲ್ಲಿ ಅದು 5 ಮಿಲ್. 4.9 ಅಂತ ಓದಿದರೂ 306 ಬರುತ್ತದೆ. 6 ಮೀಟರ್ ತಪ್ಪು ಅಷ್ಟೇ. ಸ್ಪರ್ಧೆಗೆ ಮುಂಚೆ ಚೌಕಟ್ಟಿನ ಅಳತೆ ಕೇಳಿ, ನಿಯಮದಲ್ಲಿ ಅವಕಾಶ ಇದ್ದರೆ ಹೇಳುತ್ತಾರೆ.

ಕಿರುಗುರಿ:

ನಾನು ಏರ್ ರೈಫಲ್‌ನವನು, ಹಂಟರ್ ಫೀಲ್ಡ್ ಟಾರ್ಗೆಟ್ ಆಡುತ್ತೇನೆ, ಅಂದರೆ ಬಯಲಲ್ಲಿ ಬೇರೆ ಬೇರೆ ದೂರಕ್ಕೆ ಇಟ್ಟ ಬೀಳುವ ಗುರಿಗಳಿಗೆ ಹೊಡೆಯುವ ಸ್ಪರ್ಧೆ. ನಮ್ಮಲ್ಲಿ ಆಟ ಶುರುವಾದ ಮೇಲೆ ಟರೆಟ್, ಜೂಮ್, ಪ್ಯಾರಲ್ಯಾಕ್ಸ್ (ದೂರಕ್ಕೆ ತಕ್ಕಂತೆ ಚಿತ್ರ ಹೊಂದಿಸುವ ತಿರುಗುಣಿ) ಯಾವುದನ್ನೂ ಮುಟ್ಟುವಂತಿಲ್ಲ. ರೆಟಿಕಲ್ ಒಂದೇ ದಿಕ್ಕು. ಅದಕ್ಕೇ ಎರಡು ಮಾತು ಸೇರಿಸುತ್ತೇನೆ.

ನಮ್ಮಲ್ಲಿ ಪೆಲೆಟ್ ತಗುಲಿದರೆ ಗುರಿ ಬೀಳುವ ವೃತ್ತದ ಅಗಲ 15ರಿಂದ 45 ಮಿ.ಮೀ. ಇಲ್ಲಿ ಮಿಲ್ ಲೆಕ್ಕ ಬಲು ಸುಲಭ. ಮಿ.ಮೀ.ಯನ್ನು ಮಿಲ್‌ನಿಂದ ಭಾಗಿಸಿದರೆ ನೇರ ಮೀಟರ್ ಬರುತ್ತದೆ. 40 ಮಿ.ಮೀ. ವೃತ್ತ 1 ಮಿಲ್ ಕಂಡರೆ ದೂರ 40 ಮೀಟರ್, 2 ಮಿಲ್ ಕಂಡರೆ 20 ಮೀಟರ್. ಗುಣಿಸುವುದು ಬೇಡ.

ಎರಡನೆಯದು, ಎತ್ತಿ ಹಿಡಿಯುವುದು ದೂರಕ್ಕೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹತ್ತಿರಕ್ಕೂ ಎತ್ತಬೇಕು. ಸ್ಕೋಪ್ ಇರುವುದು ಬ್ಯಾರೆಲ್‌ಗಿಂತ 4–5 ಸೆಂ.ಮೀ. ಮೇಲೆ. ಗುಂಡು ಕೆಳಗಿನಿಂದ ಹೊರಟು ನೋಟದ ಗೆರೆಯನ್ನು ಒಮ್ಮೆ ಹತ್ತಿ ದಾಟುತ್ತದೆ, ಮುಂದೆ ಇಳಿಯುತ್ತಾ ಮತ್ತೆ ದಾಟುತ್ತದೆ. ನನ್ನದು 35 ಮೀಟರ್‌ಗೆ ಜೀರೋ. 20 ಮೀಟರ್‌ನಲ್ಲಿ ಅರ್ಧ ಮಿಲ್‌ಗಿಂತ ಸ್ವಲ್ಪ ಜಾಸ್ತಿ ಇಳಿಸಿ ಹಿಡಿಯುತ್ತೇನೆ. ಆದರೆ 8 ಮೀಟರ್‌ನಲ್ಲಿ ಒಂದೂವರೆ ಮಿಲ್ ಎತ್ತಬೇಕು. ನನ್ನ ಮೊದಲ ವರ್ಷ 8 ಮೀಟರ್‌ನ 15 ಮಿ.ಮೀ. ಗುರಿಗಳಷ್ಟನ್ನೂ ಕಳೆದುಕೊಂಡೆ. ಇಷ್ಟು ಹತ್ತಿರ, ನೇರ ಹೊಡೆದರೆ ಬೀಳುತ್ತೆ ಅಂದುಕೊಂಡಿದ್ದೆ. ಪೆಲೆಟ್ 1.2 ಸೆಂ.ಮೀ. ಕೆಳಗೆ ಬಡಿಯುತ್ತಿತ್ತು. 15 ಮಿ.ಮೀ. ವೃತ್ತದಲ್ಲಿ ಮಧ್ಯದಿಂದ ಅಂಚಿಗೆ ಇರುವುದೇ 7.5 ಮಿ.ಮೀ.

ಸಾಲುಗೆರೆ ಅವರೇ, ನಿಮ್ಮ .22ರಲ್ಲೂ 10 ಮತ್ತು 25 ಮೀಟರ್‌ನಲ್ಲಿ ಒಮ್ಮೆ ಹೊಡೆದು ನೋಡಿ ಪಟ್ಟಿಗೆ ಸೇರಿಸಿ. ಒಂದರಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ ಬೀಳುತ್ತದೆ.

ಒರಗುಚೀಲ:

ನನ್ನದೂ ಒಂದು ಕೇಳಿಬಿಡುತ್ತೇನೆ. ನನ್ನ ಸ್ಕೋಪ್‌ನಲ್ಲಿ ಮಿಲ್ ಇಲ್ಲ. ನಡುವಿನ ಕೆಳಗೆ ನಾಲ್ಕು ಗೆರೆ ಇವೆ. ಮೊದಲನೆಯದು 200, ಆಮೇಲೆ 300, 400, 500 ಅಂತ ಕೈಪಿಡಿ ಹೇಳುತ್ತದೆ. 300ರ ಗೆರೆ ನನಗೆ ಎಂದೂ 300ರಲ್ಲಿ ಹೊಂದಿಲ್ಲ.

ನಿಧಾನ ಉಸಿರು:

ಅದು ಬಿ.ಡಿ.ಸಿ. (BDC) ರೆಟಿಕಲ್, ಅಂದರೆ ಬುಲೆಟ್ ಡ್ರಾಪ್ ಕಾಂಪೆನ್ಸೇಟರ್, ಗುಂಡಿನ ಇಳಿತಕ್ಕೆ ಸರಿದೂಗಿಸುವ ಗೆರೆಗಳು. ಯಾವುದೋ ಒಂದು ಗುಂಡಿನ ತೂಕ, ಅದರ ವೇಗ, ಸ್ಕೋಪ್‌ನ ಎತ್ತರ ಇಷ್ಟನ್ನು ಮುಂದಿಟ್ಟುಕೊಂಡು ಎಳೆದ ಗೆರೆ. ನಿಮ್ಮ ಗುಂಡು ಬೇರೆಯಾದರೆ, ಬ್ಯಾರೆಲ್ ಗಿಡ್ಡವಾಗಿ ವೇಗ ತಗ್ಗಿದರೆ, ಆ ಅಂಕಿ ನಿಮ್ಮದಲ್ಲ.

300ರ ಗೆರೆ ಅನ್ನುವುದನ್ನು ಮರೆತುಬಿಡಿ. ಅದು ಎರಡನೇ ಗೆರೆ, ಅಷ್ಟೇ. ಅದು ನಿಮ್ಮ ಗುಂಡಿಗೆ ಎಷ್ಟು ದೂರದಲ್ಲಿ ಸರಿಹೊಂದುತ್ತದೆ ಅಂತ ಹೊಡೆದು ಕಂಡುಕೊಳ್ಳಿ. 280 ಬಂದರೆ 280 ಅಂತ ಬರೆದು ಸ್ಟಾಕ್‌ಗೆ ಅಂಟಿಸಿ. ಸೆಕೆಂಡ್ ಫೋಕಲ್ ಪ್ಲೇನ್ ಆಗಿದ್ದರೆ ಇನ್ನೊಂದು ದಾರಿ ಇದೆ. ಗುಂಡು ಕೆಳಗೆ ಬೀಳುತ್ತಿದ್ದರೆ ಜೂಮ್ ಸ್ವಲ್ಪ ಇಳಿಸಿ, ಗೆರೆಗಳ ನಿಜವಾದ ಅಂತರ ಹಿಗ್ಗುತ್ತದೆ. ಸಾಲುಗೆರೆ ಅವರಿಗೆ ಕಾಟ ಕೊಟ್ಟ ಗುಣವೇ ನಿಮಗೆ ಉಪಕಾರಕ್ಕೆ ಬರುತ್ತದೆ.

ಹಾಂ, ಇಬ್ಬರೂ ಟರೆಟ್ ಮೇಲೆ ಏನು ಬರೆದಿದೆ ನೋಡಿಕೊಳ್ಳಿ. ಹಳೆಯ ಮಿಲ್-ಡಾಟ್ ಸ್ಕೋಪ್‌ಗಳಲ್ಲಿ ಚುಕ್ಕೆ ಮಿಲ್‌ನಲ್ಲಿ, ಟರೆಟ್ ಎಂಒಎಯಲ್ಲಿ (ಮಿನಿಟ್ ಆಫ್ ಆ್ಯಂಗಲ್, ಡಿಗ್ರಿಯ ಅರವತ್ತನೇ ಒಂದು ಪಾಲು) ಇರುವುದು ಮಾಮೂಲು. 1 ಮಿಲ್ ಅಂದರೆ 3.44 ಎಂಒಎ. ಕಾಲು ಎಂಒಎ ಕ್ಲಿಕ್ ಆದರೆ ಹತ್ತಿರ ಹತ್ತಿರ 14 ಕ್ಲಿಕ್. ರೆಟಿಕಲ್‌ನಲ್ಲಿ 1 ಮಿಲ್ ಕೆಳಗೆ ಬಿದ್ದದ್ದನ್ನು, ಒಂದು ಕ್ಲಿಕ್ ಅಂದರೆ 0.1 ಮಿಲ್ ಅಂದುಕೊಂಡು 10 ಕ್ಲಿಕ್‌ನಲ್ಲಿ ಸರಿಮಾಡಲು ಹೋದರೆ ಎಂದಿಗೂ ಮುಟ್ಟುವುದಿಲ್ಲ.

ಸಾಲುಗೆರೆ (ಎರಡು ವಾರದ ನಂತರ):

ಹಲಗೆ ಮಾಡಿ ನೋಡಿದೆ. 16 ಅಂತ ಬರೆದ ಜಾಗದಲ್ಲಿ 5 ಅಂತರಕ್ಕೆ 49 ಸೆಂ.ಮೀ. ಬಂತು. ಕೂದಲಷ್ಟು ಹಿಂದಕ್ಕೆ ತಿರುಗಿಸಿದಾಗ ಸರಿಯಾಗಿ 50. ಅಲ್ಲಿ ಬಿಳಿ ಚುಕ್ಕೆ ಇಟ್ಟೆ. 2 ಮಿಲ್‌ನ ಗುರುತೂ ಮಾಡಿಕೊಂಡೆ, ಅದು 8ರ ಪಕ್ಕದಲ್ಲೇ ಬಂತು.

ಆಮೇಲೆ ಗೆಳೆಯನೊಬ್ಬ ನನಗೆ ಹೇಳದೆ ತಟ್ಟೆ ಇಟ್ಟು ಬಂದ. 20 ಸೆಂ.ಮೀ. ತಟ್ಟೆ 2.7 ಮಿಲ್ ಕಂಡಿತು. 74 ಮೀಟರ್ ಅಂದೆ. ಟೇಪು ಹಿಡಿದರೆ 75. ಮೊದಲ ಚುಕ್ಕೆ ಮಧ್ಯಕ್ಕಿಟ್ಟು ಹೊಡೆದೆ. ಟಣ್ ಅಂತ ಸದ್ದು ಬಂದಾಗ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಹತ್ತಕ್ಕೆ ಹತ್ತೂ ಬಡಿದವು. 10 ಮೀಟರ್‌ನಲ್ಲಿ 1.2 ಸೆಂ.ಮೀ. ಕೆಳಗೆ, 25ರಲ್ಲಿ 1 ಸೆಂ.ಮೀ. ಮೇಲೆ ಬಿತ್ತು, ಕಿರುಗುರಿ ಅವರು ಹೇಳಿದ ಹಾಗೆಯೇ.

ಒಂದು ಉಳಿದಿದೆ. 100 ಮೀಟರ್‌ನಲ್ಲಿ ಎತ್ತರ ಸರಿ ಬರುತ್ತಿದೆ, ಆದರೆ ಗುಂಪು 4 ಸೆಂ.ಮೀ. ಬಲಕ್ಕೆ. ಗಾಳಿ ಇರಲಿಲ್ಲ. 50ರಲ್ಲಿ ಹೆಚ್ಚು ಕಡಿಮೆ ಮಧ್ಯಕ್ಕೇ ಬೀಳುತ್ತದೆ.

ನಿಧಾನ ಉಸಿರು:

ಓದಿ ನನಗೂ ತುಂಬ ಸಂತೋಷವಾಯಿತು.

ಬಲಕ್ಕೆ ಹೋಗುವುದು ರೈಫಲ್ ವಾಲಿರುವುದರಿಂದ ಇರಬೇಕು. ಚುಕ್ಕೆಯಿಂದ ಎತ್ತಿ ಹಿಡಿಯುವಾಗ ರೆಟಿಕಲ್‌ನ ನಿಲುಗೆರೆ ನಿಜಕ್ಕೂ ನೆಟ್ಟಗಿರಬೇಕು. ನೀವು ಬಲಕ್ಕೆ ವಾಲಿಸಿದರೆ ಬ್ಯಾರೆಲ್ ಕೂಡ ಮೇಲಕ್ಕಲ್ಲದೆ ಬಲಕ್ಕೂ ನೋಡುತ್ತದೆ. ಗುಂಡು ಮಾತ್ರ ನೇರ ನೆಲಕ್ಕೇ ಇಳಿಯುತ್ತದೆ. ನಿಮ್ಮ ಗುಂಡು 100 ಮೀಟರ್ ಹೋಗುವಷ್ಟರಲ್ಲಿ ಬ್ಯಾರೆಲ್ ನೋಡುವ ದಿಕ್ಕಿನಿಂದ ಸುಮಾರು ಅರ್ಧ ಮೀಟರ್ ಇಳಿದಿರುತ್ತದೆ. 5 ಡಿಗ್ರಿ ವಾಲಿದರೆ ಅದರಲ್ಲಿ 4 ಸೆಂ.ಮೀ. ಮೇಲ್ಪಟ್ಟು ಪಕ್ಕಕ್ಕೆ ತಿರುಗುತ್ತದೆ. 50 ಮೀಟರ್‌ನಲ್ಲಿ ಇಳಿದಿರುವುದೇ 12 ಸೆಂ.ಮೀ., ಅಲ್ಲಿ ಪಕ್ಕಕ್ಕೆ ಹೋಗುವುದು 1 ಸೆಂ.ಮೀ. ಮಾತ್ರ. ಅದಕ್ಕೇ ನಿಮಗೆ ಎರಡು ವರ್ಷ ಇದು ಕಣ್ಣಿಗೆ ಬಿದ್ದಿಲ್ಲ. 5 ಡಿಗ್ರಿ ಅಂದರೆ ಹೊಡೆಯುವವರಿಗೆ ಗೊತ್ತೇ ಆಗದಷ್ಟು.

ಒಂದು ದಾರಕ್ಕೆ ಕಲ್ಲು ಕಟ್ಟಿ 50 ಮೀಟರ್‌ನಲ್ಲಿ ತೂಗುಬಿಡಿ. ನೀವು ಎಂದಿನಂತೆ ಭುಜಕ್ಕೆ ಕೊಟ್ಟು, ಕಣ್ಣು ಮುಚ್ಚಿ ಎರಡು ಸಲ ಉಸಿರು ಬಿಟ್ಟು, ಆಮೇಲೆ ಕಣ್ಣು ತೆರೆದು ನಿಲುಗೆರೆ ದಾರದ ಜೊತೆ ಕೂಡುತ್ತದಾ ನೋಡಿ. ಕೂಡದಿದ್ದರೆ ಭುಜ ತಿರುಚಬೇಡಿ. ರೈಫಲ್ ನಿಮ್ಮ ಭುಜದಲ್ಲಿ ಸಹಜವಾಗಿ ಕೂತಿರಲಿ, ಸ್ಕೋಪ್‌ನ ರಿಂಗ್ ಸಡಿಲಿಸಿ ನಿಲುಗೆರೆಯನ್ನು ದಾರಕ್ಕೆ ಹೊಂದಿಸಿ, ಬಿಗಿ ಮಾಡಿ. ಸ್ಕೋಪ್ ಮೇಲೆ ಒಂದು ಚಿಕ್ಕ ನೀರುಮಟ್ಟದ ಗುಳ್ಳೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ರಿಂಗ್ ಸಡಿಲಿಸಿದ್ದರಿಂದ 50 ಮೀಟರ್ ಜೀರೋ ಮತ್ತೆ ನೋಡಿಕೊಳ್ಳಬೇಕು. ಅದಾದ ಮೇಲೆ 100ಕ್ಕೆ ಹೋಗಿ.